ಟಕ್ ಅಂದರೆ ಕೀಲು ಕೂತಿತಾ?

ನಮ್ಮ ‘ಬಾಗಲಕೋಟಿ ಮನೆ’ ಗುಂಪಿಗೆ ರಾಜು ಕಾಕಾ ಒಂದು ವಿಡಿಯೋ ಹಾಕಿದರು. ಮೇಜಿನ ಮೇಲೆ ಮಲಗಿದವನ ಸೊಂಟವನ್ನು ಯಾರೋ ತಿರುವಿದರು. ಟಕ್ ಅಂತ ಶಬ್ದ ಬಂತು. ಅವನು ಎದ್ದು ನಡೆದುಬಿಟ್ಟ. ಕೆಳಗೆ ಬರಹ: ‘ಸರಿದ ಕೀಲು ಒಂದೇ ಏಟಿಗೆ ಜಾಗಕ್ಕೆ! ವ್ಯಾಯಾಮ ಬರೀ ದುಡ್ಡು ದಂಡ.’

ಕಾಕುಗೆ ನಡ ನೋವು, ಅದಕ್ಕೇ ಹಾಕಿದ್ದು. ಬೆಳಗಾವಿಯಲ್ಲಿ ಫಿಸಿಯೋ ಆಗಿರುವ ವಿದ್ಯಾ ವೈನಿಗೂ ಅದರಲ್ಲೊಂದು ಚುಚ್ಚು ಇತ್ತು ಅಂತ ನನ್ನ ಅನುಮಾನ.

ಕಿರಣ: ಕಾಕಾ, ಇದಕ್ಕೆ ಆಧಾರ ಏನು?

ರಾಜು ಕಾಕಾ: ಕಣ್ಣಾರೆ ನೋಡಿದೆಯಲ್ಲೋ.

ದೊಡ್ಡಪ್ಪ: ಹಿರಿಯರಿಗೆ ಆಧಾರ ಕೇಳಬಾರದು. ನಾವು ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು, ಯಾರಿಗೂ ನಡ ಹಿಡಿಯುತ್ತಿರಲಿಲ್ಲ.

ಸುನಂದಾ ಅತ್ತಿ: ಸುಮ್ನಿರಣ್ಣ. ನಮ್ಮ ಬಸು ಕಾಲು ಮುಂದಾಗಿ ಹುಟ್ಟಿದವನು ಅಂತ ಹಳೇ ಊರಲ್ಲಿ ಚಳಕು ಹಿಡಿದವರೆಲ್ಲ ಅವನಿಂದ ಒದೆಸಿಕೊಳ್ಳೋಕೆ ಬರುತ್ತಿದ್ದರಲ್ಲ?

ಬಸು: ಒಂದು ಒದೆತಕ್ಕೆ ಒಂದು ಪೆಪ್ಪರಮೆಂಟು!

ಅಲ್ಲಿಗೆ ಮಾತು ಹಳೇ ಊರನ್ನು ನುಂಗಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಬಿತ್ತು. ಮುಳುಗಿದ ಓಣಿ, ಕಟ್ಟೆ, ಬೇವಿನ ಮರ. ಈ ಗದ್ದಲದ ನಡುವೆ ವೈನಿ ಬರೆದದ್ದನ್ನು ಯಾರೂ ಪೂರ್ತಿ ಓದಲಿಲ್ಲ. ಓದುವಂಥದ್ದು ಅದೊಂದೇ ಇತ್ತು:

‘ಕಾಕಾ, ಬೆನ್ನುಮೂಳೆಯ ಬುಡ ಸೊಂಟದ ಎಲುಬಿಗೆ ಕೂಡುವ ಕಡೆ ಎಸ್‌ಐ (ಸ್ಯಾಕ್ರೊಇಲಿಯಾಕ್) ಕೀಲು ಇದೆ. ಅದು ಅಲುಗುವುದೇ ಒಂದೆರಡು ಮಿಲಿಮೀಟರ್. 1998ರಲ್ಲಿ ಸ್ವೀಡನ್ನಿನವರು ಎಲುಬಿನೊಳಗೆ ಸಣ್ಣ ಲೋಹದ ಗುಂಡು ಕೂರಿಸಿ, ತಿರುವುವ ಮೊದಲು ಮತ್ತು ಆಮೇಲೆ ಎಕ್ಸ್‌ರೇಯಲ್ಲಿ ಅಳೆದು ನೋಡಿದರು. ಕೀಲು ಜಾಗ ಬದಲಿಸಿರಲಿಲ್ಲ. ಟಕ್ ಅನ್ನೋದು ಕೀಲಿನ ದ್ರವದಲ್ಲಿನ ಗಾಳಿಯ ಶಬ್ದ. ವಿಡಿಯೋದಲ್ಲಿ ತಿರುವಿದಂಥ ಏಟು ಒಂದೇ ದಾರಿಯಲ್ಲ. ಮಸಲ್ ಎನರ್ಜಿ ಅನ್ನೋ ಪದ್ಧತಿಯಲ್ಲಿ ರೋಗಿಯೇ ನಮ್ಮ ಕೈಗೆದುರು ಕಾಲು ಒತ್ತಿ, ಕೆಲವು ಸೆಕೆಂಡ್ ತಡೆದು, ಸಡಿಲ ಬಿಡುತ್ತಾರೆ. ಮುಲಿಗನ್ ಪದ್ಧತಿಯಲ್ಲಿ ನಾವು ಎಲುಬು ಒತ್ತಿ ಹಿಡಿಯುತ್ತೇವೆ, ಅವರು ನೋವಾಗುತ್ತಿದ್ದ ಚಲನೆಯನ್ನೇ ನೋವಿಲ್ಲದೆ ಮಾಡಬೇಕು. ಮೂರರಿಂದಲೂ ಸ್ವಲ್ಪ ದಿನ ನೋವು ಇಳಿಯಬಹುದು. ಇದೇ ಮೇಲು ಅನ್ನೋ ಹಾಗಿಲ್ಲ. ಜೊತೆಗೆ ವ್ಯಾಯಾಮ ಬೇಕು. ಎಲುಬು ಟೊಳ್ಳಾಗಿ ಬಲ ಕಳೆದುಕೊಂಡವರಿಗೆ ಮಾತ್ರ ಏಟು ಬೇಡವೇ ಬೇಡ. ಮೊದಲು ನೋವು ಆ ಕೀಲಿನದೇನಾ ಅಂತ ಒತ್ತಿ ನೋಡಬೇಕು.’

ರಾಜು ಕಾಕಾ: ಅಂದರೆ ಏಟಿಗೆ ನೋವು ಇಳಿಯುತ್ತೆ ಅಂತ ನೀನೇ ಒಪ್ಪಿದೆ.

ಕಿರಣ: ವೈನಿ, ಸ್ವೀಡನ್ನಿನಲ್ಲಿ ಎಷ್ಟು ಜನರನ್ನು ನೋಡಿದರು?

ವಿದ್ಯಾ: ಹತ್ತು.

ಕಿರಣ: ಹತ್ತೇ?

ರಾಜು ಕಾಕಾ: ನನ್ನ ವಿಡಿಯೋಗೆ ಎರಡು ಲಕ್ಷ ಲೈಕ್ ಇವೆ!

ಬಸು: ಬೇವಿನ ಮರದ ಫೋಟೋ ಯಾರ ಹತ್ರ ಇದೆ?

ಸುನಂದಾ ಅತ್ತಿ: ಫೋಟೋ, ಪಾತ್ರೆ ಎಲ್ಲ ರಾಜುನೇ ಒಯ್ದ.

ರಾಜು ಕಾಕಾ: ಪಾತ್ರೆ ಬಿಡು. ಮುಳುಗಡೆ ಪರಿಹಾರ ಬಂದಾಗ ನನಗೆ ಯಾರು ಹೇಳಿದರು?

ಈ ಪ್ರಶ್ನೆ ನಮ್ಮ ಗುಂಪಿನಲ್ಲಿ ಯುಗಾದಿಗೂ ಬರುತ್ತದೆ, ಸಾವಿನ ಸುದ್ದಿಗೂ ಬರುತ್ತದೆ. ಮುಂದಿನ ಮೆಸೇಜುಗಳನ್ನು ಇಲ್ಲಿ ಹಾಕುವುದಿಲ್ಲ.

ಕೊನೆಗೆ ಕಾಕು ಬರೆದರು: ‘ನೋವು ಇರೋದು ನನಗೆ. ನಡದ ಕೆಳಗೆ, ಎಡಗಡೆ. ಬೆಳಿಗ್ಗೆ ಎದ್ದರೆ ಅರ್ಧ ತಾಸು ಬಿಗಿ ಬಿಡುವುದಿಲ್ಲ. ವಿದ್ಯಾ, ಏನು ಮಾಡಲಿ?’

ವೈನಿ ಟೈಪ್ ಮಾಡುತ್ತಿದ್ದರು. ಅಷ್ಟರಲ್ಲಿ ದೊಡ್ಡಪ್ಪ ‘ಶಾಂತಿ ಇರಲಿ’ ಅಂತ ಹಾಕಿ, ಅಡ್ಮಿನ್ ಮಾತ್ರ ಬರೆಯುವಂತೆ ಸೆಟಿಂಗ್ ಬದಲಿಸಿದರು. ಅದನ್ನು ವಾಪಸ್ ತೆಗೆಯುವುದು ಅವರಿಗೆ ಬರುವುದಿಲ್ಲ. ಕಾಕು ಫೋನ್ ಮಾಡಿ ಮಾತಾಡಿದರು, ರವಿವಾರ ಬೆಳಗಾವಿ ಬಸ್ಸು ಹತ್ತುತ್ತಾರಂತೆ. ಕಾಕಾನೂ ಹೊರಟಿದ್ದಾರೆ, ವೈನಿಗೆ ವಿಡಿಯೋ ತೋರಿಸಲು.