ಸಹಾಯ ಬೇಕು: ಅಮೀರ್‌ಬಾಯಿ ಕರ್ನಾಟಕಿ ಅವರ ಹಳೆಯ ರೆಕಾರ್ಡು

ನಮಸ್ಕಾರ. ಅಜ್ಜನ ಟ್ರಂಕಿನಲ್ಲಿ 78 ಆರ್‌ಪಿಎಂನ (ನಿಮಿಷಕ್ಕೆ 78 ಸುತ್ತು ತಿರುಗುವ, ಅರಗಿನ ಹಳೆಯ ಗ್ರಾಮಫೋನ್ ತಟ್ಟೆ) ಮೂರು ರೆಕಾರ್ಡು ಸಿಕ್ಕಿವೆ. ಒಂದರ ಮೇಲೆ ಅಮೀರ್‌ಬಾಯಿ ಕರ್ನಾಟಕಿ ಹೆಸರಿದೆ. ನಮ್ಮ ಬೀಳಗಿಯವರೇ, ಅಲ್ವಾ! ಮುಂಬೈಗೆ ಹೋಗಿ ನಟಿಸಿ, 1943ರ ‘ಕಿಸ್ಮತ್’, 1944ರ ‘ರತನ್’ ಚಿತ್ರಗಳಲ್ಲಿ ಹಾಡಿ ದೇಶಕ್ಕೇ ಗೊತ್ತಾದವರು. ಹಾಡಿನ ಹೆಸರಿದ್ದ ಜಾಗವನ್ನು ಮಾತ್ರ ಹುಳ ತಿಂದಿದೆ. ಕನ್ನಡದ್ದಿರಬಹುದೇ ಅಂತ ಆಸೆ. ಲೇಬಲ್ ಪಕ್ಕ ಅರಗಿನಲ್ಲೇ ಒತ್ತಿದ ನಂಬರ್ ಕಾಣುತ್ತದೆ. ಅದರಿಂದ ಹಾಡು ಪತ್ತೆ ಹಚ್ಚಬಲ್ಲವರು ಇದ್ದೀರಾ?

ಎಲ್‌ಪಿ (ನಂತರ ಬಂದ ಪ್ಲಾಸ್ಟಿಕ್ ರೆಕಾರ್ಡು) ನುಡಿಸುವ ಮುಳ್ಳು ಇದಕ್ಕೆ ಆಗುವುದಿಲ್ಲ, ದಪ್ಪ ಮುಳ್ಳೇ ಬೇಕು. ಅಂಥ ಪ್ಲೇಯರ್ ಬಾಗಲಕೋಟೆ, ವಿಜಯಪುರ ಕಡೆ ಯಾರ ಹತ್ತಿರವಾದರೂ ಇದ್ದರೆ ನಾನೇ ತರುತ್ತೇನೆ. ಕೊರಿಯರ್ ಬೇಡ, ಬಿದ್ದರೆ ಚೂರು. ಸ್ಪಿರಿಟ್ ಹಾಕಿ ಒರೆಸಿ ಅಂತ ಮಾತ್ರ ಹೇಳಬೇಡಿ. ಅರಗು ಕರಗುತ್ತದೆ. ಇನ್ನೊಂದು ರೆಕಾರ್ಡು ಹಾಗೇ ಹಾಳಾಯಿತು.