ಮೈಸೂರು ಶೈಲಿಯ ಚಿತ್ರವನ್ನು ವರ್ಚುವಲ್ ರಿಯಾಲಿಟಿಗೆ ತರುವುದು ಹೇಗೆ?

ಪ್ರಶ್ನೆ:
ಮೈಸೂರಿನಲ್ಲಿ ಸಾಂಪ್ರದಾಯಿಕ ಚಿತ್ರಕಲೆ ಕಲಿಯುತ್ತಿದ್ದೇನೆ. ಜೆಸ್ಸೊ (ಅಂಟು ಬೆರೆಸಿದ ಲೇಪ) ಉಬ್ಬುಗೆಲಸ ಮತ್ತು ಚಿನ್ನದ ರೇಕು ಇರುವ ಚಿತ್ರವೊಂದರ ಫೋಟೊವನ್ನು ಹೆಡ್‌ಸೆಟ್‌ನಲ್ಲಿ ನೋಡಿದರೆ, ಚಿನ್ನವು ಬರೀ ಹಳದಿ ಬಣ್ಣದಂತೆ ಮಂಕಾಗಿ ಕಾಣುತ್ತದೆ. ಇದಕ್ಕೆ ಪರಿಹಾರವೇನು? ದುಬಾರಿ ತಂತ್ರಾಂಶವಿಲ್ಲದೆ ಆರಂಭಿಸಬಹುದೇ?

ಉತ್ತರ 1:
ಫೋಟೊ ಒಂದೇ ಕೋನದ ಬೆಳಕನ್ನು ಹಿಡಿದಿಡುತ್ತದೆ; ಚಿನ್ನದ ಹೊಳಪಾದರೋ ನೋಡುವವರು ತಲೆ ಆಡಿಸಿದಂತೆ ಜಾಗ ಬದಲಿಸಬೇಕು. ಆದ್ದರಿಂದ ಕ್ಯಾಮೆರಾವನ್ನು ಕದಲದಂತೆ ನಿಲ್ಲಿಸಿ, ದೀಪವನ್ನು ಮಾತ್ರ ಸುತ್ತಲೂ ಬೇರೆ ಬೇರೆ ಕೋನಗಳಲ್ಲಿ ಹಿಡಿದು ಹಲವು ಚಿತ್ರಗಳನ್ನು ತೆಗೆಯಿರಿ. ಅವುಗಳಿಂದ ಜೆಸ್ಸೊದ ಉಬ್ಬುತಗ್ಗುಗಳನ್ನು ದಾಖಲಿಸುವ ನಾರ್ಮಲ್ ಮ್ಯಾಪ್ ಪಡೆದು, ಮೂರು ಆಯಾಮದ ಚಿತ್ರಣದ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ರೇಕು ಇರುವ ಭಾಗಕ್ಕೆ ಮಾತ್ರ ಲೋಹದ ಗುಣ ಕೊಟ್ಟರೆ, ದೇವಿಯ ಕಿರೀಟದ ಒಂದೊಂದು ಚುಕ್ಕಿಯೂ ಪ್ರತ್ಯೇಕವಾಗಿ ಮಿನುಗುತ್ತದೆ. ಸುತ್ತಲೂ ಪ್ರತಿಫಲಿಸಲು ಏನಾದರೂ ಇರಲೇಬೇಕು (ಖಾಲಿ ಕತ್ತಲಲ್ಲಿ ಲೋಹ ಕಪ್ಪಾಗಿಯೇ ಕಾಣುತ್ತದೆ). ಬ್ಲೆಂಡರ್ ಉಚಿತ. ಗಾಳಿಯಲ್ಲೇ ಕುಂಚವಾಡಿಸಬೇಕೆಂದಿದ್ದರೆ, ಗೂಗಲ್ 2021ರಲ್ಲಿ ಮೂಲ ಸಂಕೇತವನ್ನು ಎಲ್ಲರಿಗೂ ಮುಕ್ತಗೊಳಿಸಿದ ಚಿತ್ರ ಬಿಡಿಸುವ ತಂತ್ರಾಂಶ ಟಿಲ್ಟ್ ಬ್ರಷ್‌ನಿಂದ ಬೆಳೆದ ಓಪನ್ ಬ್ರಷ್ ಕೂಡ ಉಚಿತವೇ.

ಉತ್ತರ 2:
ಈ ಮಾಧ್ಯಮದ ಹಿಂದಿನ ಕಲಾವಿದರನ್ನೂ ದಯವಿಟ್ಟು ಗಮನಿಸಿ. ಕೆನಡಾದ ಚಾರ್ ಡೇವಿಸ್ 1995ರಲ್ಲೇ, ಉಸಿರೆಳೆದರೆ ಮೇಲೇರುವ, ಬಿಟ್ಟರೆ ಕೆಳಗಿಳಿಯುವ ವರ್ಚುವಲ್ ಲೋಕವೊಂದನ್ನು ರಚಿಸಿದ್ದರು. ಜೆಫ್ರಿ ಶಾ ಮತ್ತು ಸಾರಾ ಕೆಂಡರ್‌ಡೈನ್ ನಮ್ಮ ಹಂಪಿಯನ್ನೇ ಮೂರು ಆಯಾಮದ ಸುತ್ತುನೋಟವಾಗಿಸಿದರು. ನೋಡುವವರ ದೇಹವನ್ನು ಕೃತಿಯೊಳಗೆ ಸೇರಿಸಿಕೊಳ್ಳುವ ಆ ಎಚ್ಚರವು ತಂತ್ರಕ್ಕಿಂತ ದೊಡ್ಡದೆಂದು ನಾನು ನಂಬುತ್ತೇನೆ.

ಉತ್ತರ 3:
ಆಗ್ಮೆಂಟೆಡ್ ರಿಯಾಲಿಟಿಯನ್ನೂ (ಫೋನಿನ ಕ್ಯಾಮೆರಾದಲ್ಲಿ ಕಾಣುವ ನಿಜ ಚಿತ್ರದ ಮೇಲೆ ಡಿಜಿಟಲ್ ದೃಶ್ಯ ಮೂಡಿಸುವುದು) ಪ್ರಯತ್ನಿಸುವುದಾದರೆ, ಚಿತ್ರಕ್ಕೆ ಗಾಜು ಹಾಕಿಸುವ ಮೊದಲೇ ಪರೀಕ್ಷಿಸಿರಿ. ಗಾಜಿನ ಪ್ರತಿಬಿಂಬದಿಂದ ಫೋನಿಗೆ ಚಿತ್ರದ ಗುರುತು ಸಿಗುವುದು ಕಷ್ಟವಾಗುತ್ತದೆ.