ಅಪ್‌ಡೇಟ್: ಚೋರ್ಲಾ ಘಾಟ್‌ನಲ್ಲಿ ಕಾರಿನ ಗಾಜು ಮಬ್ಬಾಗುತ್ತಿದ್ದ ವಿಷಯ

ಮಳೆಯಲ್ಲಿ ಬೆಳಗಾವಿಯಿಂದ ಗೋವಾಕ್ಕೆ ಹೋಗುವಾಗ ಮುಂದಿನ ಗಾಜು ಮಬ್ಬಾಗಿ ರಸ್ತೆಯೇ ಕಾಣಲ್ಲ, ಏನು ಮಾಡಲಿ ಅಂತ ಹೋದ ವಾರ ಕೇಳಿದ್ದೆ. ನಿನ್ನೆ ಅದೇ ದಾರಿಯಲ್ಲಿ ಹೋಗಿ ಬಂದೆ. ಈ ಸಲ ಆರಾಮಾಗಿತ್ತು.

ತಪ್ಪು ನನ್ನದೇ. ಚಳಿ ಅಂತ ಎಸಿ ಆಫ್ ಮಾಡಿ, ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿಟ್ಟಿದ್ದೆ. ನಾಲ್ಕು ಜನರ ಉಸಿರು, ಒದ್ದೆ ಛತ್ರಿ, ಕೆಸರು ಚಪ್ಪಲಿ. ಆ ತೇವವೆಲ್ಲ ತಣ್ಣನೆಯ ಗಾಜಿಗೇ ಹೋಗಿ ಕೂರುತ್ತಿತ್ತು. ನೀವು ಹೇಳಿದಂತೆ ಎಸಿ ಹಾಕಿದೆ, ಹೊರಗಿನ ಗಾಳಿ ಬಿಟ್ಟೆ, ಅದನ್ನು ಗಾಜಿನ ಕಡೆ ತಿರುಗಿಸಿದೆ. ನಡುಗಬಾರದು ಅಂತ ಗುಂಡಿಯನ್ನು ಸ್ವಲ್ಪ ಬಿಸಿ ಕಡೆಗಿಟ್ಟೆ. ಎಸಿ ಇರೋದು ಬರೀ ತಂಪಿಗೆ ಅಂದುಕೊಂಡಿದ್ದೆ. ಅದು ಗಾಳಿಯ ತೇವವನ್ನೂ ತೆಗೆಯುತ್ತದೆ. ಕಾರಿನಡಿ ತೊಟ್ಟಿಕ್ಕುವ ನೀರು ಅದೇ ಅಲ್ವಾ!

ಕಣಕುಂಬಿ ದಾಟಿದ ಮೇಲೆ ಮತ್ತೆ ಮಬ್ಬು. ಒಳಗೆ ಎಷ್ಟು ಒರೆಸಿದರೂ ಹೋಗಲಿಲ್ಲ. ಹೆಂಡತಿ "ವೈಪರ್ ಹಾಕಿ ನೋಡ್ರಿ" ಅಂದಳು. ಹಾಕಿದೆ, ಒಂದೇ ಏಟಿಗೆ ಹೋಯಿತು! ಅದು ಗಾಜಿನ ಹೊರಗೆ ಕೂತಿದ್ದ ತೇವ. ಎಸಿ ಜಾಸ್ತಿ ತಣ್ಣಗಿಟ್ಟು ಗಾಜಿಗೇ ಊದಿದರೆ ಹೀಗಾಗುತ್ತದೆ. ಗುಂಡಿಯನ್ನು ಇನ್ನೂ ಸ್ವಲ್ಪ ಬಿಸಿ ಕಡೆಗೆ ತಿರುಗಿಸಿ ತಂಪು ಕಡಿಮೆ ಮಾಡಿದ ಮೇಲೆ ಬರಲಿಲ್ಲ.

ಶೇವಿಂಗ್ ಫೋಮ್ ಸವರಿ ಒರೆಸೋ ಉಪಾಯವನ್ನು ಪಕ್ಕದ ಗಾಜಿಗೆ ಮಾತ್ರ ಮಾಡಿದೆ. ಮಬ್ಬು ಕಟ್ಟಲಿಲ್ಲ, ನಿಜ. ಆದರೆ ಗೆರೆ ಗೆರೆ ಉಳಿಯಿತು, ಎದುರಿನ ಲಾರಿ ಲೈಟು ಬಿದ್ದರೆ ಕಣ್ಣು ಕುಕ್ಕುತ್ತದೆ. ಮುಂದಿನ ಗಾಜಿಗೆ ನಾನಂತೂ ಹಚ್ಚಲ್ಲ. ಅಲ್ಲಿನ ಜಿಡ್ಡು ತೆಗೆದು, ಒಣ ಬಟ್ಟೆಯಲ್ಲಿ ಒರೆಸಿದ್ದಷ್ಟೇ ಸಾಕಾಯಿತು.